ಒಂದೇ ನಕ್ಷೆ, ಎರಡು ಲೇತ್: ಮೇಟಗಳ್ಳಿ ಶೆಡ್ಡೋ, ಮನೆಯ ಹಿತ್ತಲೋ?

ನನ್ನ ಮೇಜಿನ ಮೇಲೆ ಎರಡು ಪುಟ್ಟ ಎಂಜಿನ್ನುಗಳಿವೆ. ಎರಡಕ್ಕೂ ನಕ್ಷೆ ಒಂದೇ. ಸಿಲಿಂಡರಿನ ಒಳವ್ಯಾಸ 12 ಮಿ.ಮೀ., ಪಿಸ್ಟನ್ ಓಡಾಟ 16 ಮಿ.ಮೀ. ಸಿಲಿಂಡರೇ ತೊಟ್ಟಿಲಿನ ಹಾಗೆ ತೂಗುತ್ತಾ ತನ್ನ ಮೈಯ ತೂತನ್ನು ಒಮ್ಮೆ ಗಾಳಿ ಬರುವ ತೂತಿಗೆ, ಇನ್ನೊಮ್ಮೆ ಗಾಳಿ ಹೋಗುವ ತೂತಿಗೆ ತಂದು ಕೂರಿಸುತ್ತದೆ. ವಾಲ್ವು ಗೀಲ್ವು ಏನೂ ಇಲ್ಲ. ಒಂದನ್ನು ಮೈಸೂರಿನ ಮೇಟಗಳ್ಳಿಯ ಒಂದು ಶೆಡ್ಡಿನಲ್ಲಿ ದೊಡ್ಡ ಲೇತ್ (ಲೋಹವನ್ನು ತಿರುಗಿಸುತ್ತಾ ಕೆರೆಯುವ ಯಂತ್ರ) ಮೇಲೆ ಮಾಡಿದೆ, ಇನ್ನೊಂದನ್ನು ಕುವೆಂಪುನಗರದ ನಮ್ಮ ಮನೆ ಹಿತ್ತಲಲ್ಲಿ ಚಿಕ್ಕ ಲೇತ್ ಮೇಲೆ. ನಾನು ಬ್ಯಾಂಕಿನವನು, ಐಟಿಐ ಮೆಟ್ಟಿಲು ಹತ್ತಿದವನಲ್ಲ. ಹಾಗಾಗಿ ಇದು ಕಲಿಯುವವನ ಹೋಲಿಕೆ, ಕಲಿತವನದ್ದಲ್ಲ.

ಶೆಡ್ಡಿನದು ಹರಿಹರದಲ್ಲಿ ತಯಾರಾದ ಹಳೇ ಮೈಸೂರು ಕಿರ್ಲೋಸ್ಕರ್. ಯಜಮಾನರು ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯಲ್ಲಿ, 1996ರಲ್ಲಿ ಅದು ಬಾಗಿಲು ಹಾಕುವವರೆಗೂ, ಲೇತ್ ನಡೆಸುವ ಟರ್ನರ್ ಆಗಿದ್ದವರು. ನನ್ನ ನಕ್ಷೆ ನೋಡಿ ನಕ್ಕರು. "ಜಾವಾ 250ರ ಪಿಸ್ಟನ್ನು 65 ಎಂಎಂ. ಇದೇನು ಸ್ವಾಮಿ, ಗೊಂಬೆ ಮದುವೆಗಾ?" ಶನಿವಾರ ಮಧ್ಯಾಹ್ನಕ್ಕೆ 400 ರೂಪಾಯಿ ಅಂತ ಮಾತಾಯಿತು. ಮೊದಲ ಮೂರು ಶನಿವಾರ ಲೇತ್ ಮುಟ್ಟಲು ಬಿಡಲಿಲ್ಲ, ಗ್ರೈಂಡರ್ ಮುಂದೆ ನಿಲ್ಲಿಸಿ ಲೋಹ ಕೆರೆಯುವ ಟೂಲ್ ಮಸೆಸಿದರು. ಉಕ್ಕಿಗೆ ಮಸೆದ ಟೂಲಿನ ಮೇಲ್ಮೈ ಹಿಂದಕ್ಕೆ ಇಳಿಜಾರಾಗಿರುತ್ತದೆ. ಅದನ್ನೇ ಹಿತ್ತಾಳೆಗೆ ಹಾಕಿದರೆ ಟೂಲ್ ತಾನೇ ಒಳಕ್ಕೆ ಎಳೆದುಕೊಂಡು ಕಚ್ಚುತ್ತದೆ. ಹಿತ್ತಾಳೆಗೆ ಮೇಲ್ಮೈ ಸಪಾಟಾಗಿರಬೇಕು. ನಾಲ್ಕನೇ ವಾರ, ಲೋಹವನ್ನು ಕಚ್ಚಿ ಹಿಡಿದು ತಿರುಗುವ ಚಕ್ಕಿನಲ್ಲೇ ಅದನ್ನು ಬಿಗಿಯುವ ಕೀಯನ್ನು ಬಿಟ್ಟು ಸ್ವಿಚ್ಚಿನ ಕಡೆ ಕೈ ಚಾಚಿದೆ. ಚಕ್ಕು ತಿರುಗಿದರೆ ಆ ಕೀ ಹಾರಿ ಬಡಿಯುತ್ತದೆ. ಪಟ್ ಅಂತ ಕೈ ಮೇಲೊಂದು ಏಟು ಬಿತ್ತು. ಮಿಡ್ಲ್ ಸ್ಕೂಲು ಬಿಟ್ಟ ಮೇಲೆ ನನಗೆ ಬಿದ್ದ ಮೊದಲ ಏಟು ಅದು. ಆವತ್ತಿಂದ ಕೀ ನನ್ನ ಕೈಯಲ್ಲಿರುತ್ತದೆ, ಇಲ್ಲವೇ ಮೊಳೆಯ ಮೇಲೆ.

ಮನೆಯ ಲೇತಿಗೆ ಹೀಗೆ ಹೊಡೆಯುವವರಿಲ್ಲ. 550 ವಾಟಿನ ಮೋಟಾರು, ಸುಮಾರು 40 ಕೆ.ಜಿ. ತೂಕ, ಕೈಬಿಟ್ಟು ಹೋದದ್ದು 78,000 ರೂಪಾಯಿ. ಪೆಟ್ಟಿಗೆ ಬಿಚ್ಚಿದ ದಿನವೇ ಕೆಲಸ ಶುರು ಅಂದುಕೊಂಡಿದ್ದೆ. ಟೂಲನ್ನು ಸರಿಸುವ ಸ್ಲೈಡುಗಳಲ್ಲಿ ಆಟ ಇತ್ತು, ಬಿಗಿದರೆ ಕದಲದು, ಸಡಿಲಿಸಿದರೆ ಅಲ್ಲಾಡುವುದು. ಸರಿಮಾಡುವುದರಲ್ಲೇ ಒಂದು ತಿಂಗಳು ಹೋಯಿತು.

ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಸಿಲಿಂಡರಿನಲ್ಲಿ. ಶೆಡ್ಡಿನಲ್ಲಿ ಹಿತ್ತಾಳೆ ತುಂಡಿಗೆ 11.5ರ ಡ್ರಿಲ್ ಬಿಟ್ಟು, ತೂತನ್ನು ಒಳಗಿನಿಂದ ಕೆರೆದು ಹಿಗ್ಗಿಸುವ ಬೋರಿಂಗ್ ಟೂಲಿನಲ್ಲಿ 11.9ಕ್ಕೆ ತಂದು, ಕೊನೆಗೆ ತೂತನ್ನು ಅಳತೆಗೆ ತಂದು ನುಣುಪು ಮಾಡುವ 12ರ ಎಚ್7 ರೀಮರನ್ನು ನಿಧಾನವಾಗಿ ಹಾಯಿಸಿದೆವು. ಎಚ್7 ಅಂದರೆ ತೂತು 12.000ದಿಂದ 12.018ರೊಳಗೆ ಬರಬೇಕು. ನಡುವೆ ಬೋರಿಂಗ್ ಯಾಕೆ ಅಂದರೆ, ರೀಮರ್ ಸೊಟ್ಟ ತೂತನ್ನು ನೆಟ್ಟಗೆ ಮಾಡುವುದಿಲ್ಲ, ಸೊಟ್ಟಗೇ ನುಣುಪು ಮಾಡುತ್ತದೆ. ಟೀ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಒಳಗೆ ಕನ್ನಡಿ.

ಮನೆಯಲ್ಲಿ ರೀಮರ್ ಇರಲಿಲ್ಲ. ತೆಳು ಬೋರಿಂಗ್ ಬಾರ್ ಒಳಗೆ ಹೋದಷ್ಟೂ ಬಳುಕಿತು; ತೂತಿನ ಒಳಗೆಲ್ಲ ಚಕ್ಕುಲಿ ಮುಳ್ಳಿನ ಹಾಗೆ ಗೀರು, ಈ ಬಾಯಿಗೂ ಆ ಬಾಯಿಗೂ 0.03 ಮಿ.ಮೀ. ವ್ಯತ್ಯಾಸ. ಉಜ್ಜಿದರೆ ಸರಿಹೋದೀತು ಅಂತ ಗ್ಯಾರೇಜಿನಲ್ಲಿ ವಾಲ್ವ್ ಅರೆಯುವ ಪೇಸ್ಟ್ ಹಚ್ಚಿದೆ. ಇದಕ್ಕಿಂತ ದೊಡ್ಡ ದಡ್ಡತನ ಇಲ್ಲ. ಆ ಗಡಸು ಕಾಳುಗಳು ಮೆತ್ತನೆಯ ಹಿತ್ತಾಳೆಯೊಳಗೆ ಹೂತು ಕೂತುಬಿಡುತ್ತವೆ, ಆಮೇಲೆ ಸಿಲಿಂಡರೇ ಅರ ಆಗಿ ಪಿಸ್ಟನ್ನನ್ನು ತಿನ್ನುತ್ತದೆ. ಅದನ್ನು ಗುಜರಿ ಡಬ್ಬಕ್ಕೆ ಹಾಕಿ ಇನ್ನೊಂದಕ್ಕೆ ಕೂತೆ. ಈ ಸಲ ಅಳತೆ ಬದಲಿಸದೆ ಅದೇ ಡಯಲ್‌ನಲ್ಲಿ ನಾಲ್ಕೈದು ಬಾರಿ ಬಾರನ್ನು ಹಾಯಿಸಿದೆ. ಬಳುಕಿದ್ದ ಬಾರ್ ಬಿಟ್ಟುಹೋದದ್ದನ್ನು ಎರಡನೇ, ಮೂರನೇ ಸಲಕ್ಕೆ ಕೆರೆದುಕೊಂಡಿತು. ಆಮೇಲೆ ಮರದ ಗೂಟಕ್ಕೆ ಹಿತ್ತಾಳೆ ಪಾಲಿಶ್ ಬಳಿದು ಉಜ್ಜಿದೆ. ತೂತು 12.04ಕ್ಕೆ ನಿಂತಿತು. ಇರಲಿ, ಪಿಸ್ಟನ್ನನ್ನೇ ಅದಕ್ಕೆ ಒಪ್ಪುವಂತೆ ಮಾಡಿದೆ. ನಕ್ಷೆಯ 12ಕ್ಕಿಂತ ತೂತಿಗೂ ಪಿಸ್ಟನ್ನಿಗೂ ಇರುವ ಹೊಂದಾಣಿಕೆ ಮುಖ್ಯ ಅನ್ನುವುದು ಶೆಡ್ಡಿನಲ್ಲಿ ನನ್ನ ತಲೆಗೆ ಹೋಗಿರಲೇ ಇಲ್ಲ. ರೀಮರ್ ಆ ತೊಂದರೆ ಕೊಟ್ಟಿರಲಿಲ್ಲ.

ಆ ಪಿಸ್ಟನ್ನೂ ಮೊದಲನೆಯದಲ್ಲ, ಬಿಡಿ. ಶೆಡ್ಡಿನ ಲೇತಿನ ಡಯಲ್ ತೋರಿಸುವುದು ವ್ಯಾಸದ ಲೆಕ್ಕ, ಮನೆಯದು ಟೂಲ್ ಸರಿದ ಲೆಕ್ಕ. ಅಲ್ಲಿನ ರೂಢಿಯಲ್ಲಿ 0.10 ತಿರುಗಿಸಿದೆ, ಇಲ್ಲಿ ವ್ಯಾಸದಲ್ಲಿ 0.20 ಹೋಯಿತು.

ಫ್ಲೈವೀಲಿನಲ್ಲಿ ಪೈಪೋಟಿಯೇ ಇಲ್ಲ. 60 ಮಿ.ಮೀ. ಬೀಡು ಕಬ್ಬಿಣ. ಎರಕದ ಬೀಡಿನ ತೊಗಲು ಗಡಸು, ಮರಳೂ ಅಂಟಿರುತ್ತದೆ. ಹೆದರಿ ಹೆದರಿ ಮೇಲೆ ಕೆರೆದರೆ ಟೂಲ್ ಮೊನೆಯೇ ಹೋಗುತ್ತದೆ, ಮೊದಲ ಕಟ್ಟೇ ತೊಗಲಿನ ಕೆಳಗಿಳಿಯಬೇಕು. ನಿಮಿಷಕ್ಕೆ 20 ಮೀಟರ್ ವೇಗ ಇಟ್ಟುಕೊಂಡರೆ ಈ ಅಗಲಕ್ಕೆ ನಿಮಿಷಕ್ಕೆ ನೂರಾ ಆರು ಸುತ್ತು. ದೊಡ್ಡ ಲೇತ್ ಗೇರಿನಲ್ಲಿ ಇಳಿಸಿಕೊಂಡು ಆ ವೇಗದಲ್ಲಿ ಆನೆಯ ಹಾಗೆ ನಡೆಯುತ್ತದೆ. ನನ್ನದು ಬರಿಯ ಎಲೆಕ್ಟ್ರಾನಿಕ್ ಗುಂಡಿಯಲ್ಲಿ ವೇಗ ಇಳಿಸುವಂಥದ್ದು, ಅಲ್ಲಿಗೆ ಬರುವಷ್ಟರಲ್ಲಿ ಉಸಿರು ಹೋಗಿ ನಿಂತುಬಿಡುತ್ತದೆ. ಪಾರ್ಟಿಂಗ್, ಅಂದರೆ ಟೂಲಿನಲ್ಲೇ ತುಂಡು ಕತ್ತರಿಸುವುದು ಕೂಡ ಹಾಗೇ; ಮನೆಯಲ್ಲಿ ನಾನು ಹ್ಯಾಕ್ಸಾದಲ್ಲಿ ಕೊಯ್ದು ಆಮೇಲೆ ಲೇತಿನಲ್ಲಿ ತುದಿ ಸಪಾಟು (ಫೇಸಿಂಗ್) ಮಾಡುತ್ತೇನೆ, ನಾಚಿಕೆ ಇಲ್ಲ.

ಆದರೆ ಸಣ್ಣ ಭಾಗಗಳಿಗೆ ಬಂದರೆ ಆನೆ ಪರದಾಡುತ್ತದೆ. ಗಾಳಿಯ ತೂತು 1.6 ಮಿ.ಮೀ. ಡ್ರಿಲ್ ಹಿಡಿದು ಮುಂದೆ ದೂಡುವ, ಶೆಡ್ಡಿನ ಭಾರದ ಟೈಲ್‌ಸ್ಟಾಕಿನಲ್ಲಿ ಡ್ರಿಲ್ ಕಚ್ಚಿದ್ದು ಕೈಗೆ ಗೊತ್ತೇ ಆಗುವುದಿಲ್ಲ, ಮುರಿದ ಮೇಲೆ ಗೊತ್ತಾಗುತ್ತದೆ. ಮೂರು ಮುರಿದೆ. ಮನೆಯ ಹಗುರ ಚಕ್ರದಲ್ಲಿ ಎರಡು ಬೆರಳಿಗೆ ಎಲ್ಲ ಗೊತ್ತಾಗುತ್ತದೆ, ಒಂದೂ ಮುರಿಯಲಿಲ್ಲ. 3 ಮಿ.ಮೀ. ಪಿಸ್ಟನ್ ರಾಡಿಗೆ ವೇಗ ಹೆಚ್ಚಿದಷ್ಟೂ ಒಳ್ಳೆಯದು. ನನ್ನದು 2,500 ಸುತ್ತಿಗೆ ಹೋಗುತ್ತದೆ, ಶೆಡ್ಡಿನದು ಅದರ ಅರ್ಧಕ್ಕೂ ಇಲ್ಲ. ಶೆಡ್ಡಿನ ಸವೆದ ಮೂರು ದವಡೆಯ ಚಕ್ಕಿನಲ್ಲಿ ಆ ರಾಡು ಕುಣಿಯುತ್ತಿತ್ತು ಕೂಡ. ನಾಲ್ಕು ದವಡೆಯದು ಹಾಕಿ, ಡಯಲ್ ಗೇಜ್ ಇಟ್ಟು, ಮುಳ್ಳು ನಿಲ್ಲುವವರೆಗೆ ಒಂದೊಂದೇ ದವಡೆ ಸರಿಸುವುದನ್ನು ಅಲ್ಲೇ ಕಲಿತೆ.

ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಕ್ಕೆ ಕೊಟ್ಟು ಮಾಡಿಸುವುದನ್ನೂ ಒಮ್ಮೆ ನೋಡಿದೆ. ಕ್ರ್ಯಾಂಕ್ ಡಿಸ್ಕ್ ಚೆನ್ನಾಗಿಯೇ ಬಂತು. ನಾನು ಮಾಡಿದ್ದು ದುಡ್ಡು ಕೊಟ್ಟದ್ದು ಮಾತ್ರ.

ಮನೆಯವರ ಲೆಕ್ಕವೇ ಬೇರೆ. ಹಿತ್ತಾಳೆಯ ಚೂರು ಸೂಜಿಯ ಹಾಗೆ; ಚಪ್ಪಲಿಗೆ ಅಂಟಿ ದೇವರಮನೆಯವರೆಗೂ ಹೋಗಿ ಅಮ್ಮನ ಕಾಲಿಗೆ ಚುಚ್ಚಿತು. ಬೀಡಿನ ಕಪ್ಪು ಪುಡಿ ಒಣಗಹಾಕಿದ್ದ ಬಿಳಿ ಪಂಚೆಗೆ ಕೂತಿತು. ಈಗ ಹಿತ್ತಲಿಗೆ ಬೇರೆ ಚಪ್ಪಲಿ, ಬೀಡಿನ ಕೆಲಸಕ್ಕೆ ನಿಷೇಧ.

ಕೊನೆಗೆ ಪರೀಕ್ಷೆ. ಸೈಕಲ್ ಟ್ಯೂಬಿಗೆ ಪಂಪಿನಲ್ಲಿ 40 ಸಲ ಗಾಳಿ ಹೊಡೆದು ಎಂಜಿನ್ನಿಗೆ ಜೋಡಿಸಿದೆ. ಶೆಡ್ಡಿನದು 1 ನಿಮಿಷ 50 ಸೆಕೆಂಡ್ ಓಡಿತು, ಬಾಯಲ್ಲಿ ಊದಿದರೂ ತಿರುಗುತ್ತದೆ. ಮನೆಯದು ಮೊದಲಿಗೆ 35 ಸೆಕೆಂಡ್. ಸಿಲಿಂಡರ್ ಕೂರುವ ಮುಖವನ್ನು ಗಾಜಿನ ಮೇಲೆ ನೀರುಕಾಗದ (ನುಣುಪು ಉಜ್ಜುಕಾಗದ) ಹಾಸಿ ಸಪಾಟು ಮಾಡಿದ ಮೇಲೆ 1 ನಿಮಿಷ 20. ಗಾಳಿ ಸೋರುತ್ತಿದ್ದದ್ದು ಪಿಸ್ಟನ್ ಪಕ್ಕದಲ್ಲಲ್ಲ, ಆ ಮುಖದಲ್ಲಿ.

ದುಡ್ಡು ಒಂದಕ್ಕೇ ಇದ್ದರೆ ಮೊದಲು ಶೆಡ್ಡಿಗೆ ಹೋಗಿ, ನನ್ನ ಮಾತು ಅಷ್ಟೇ. ಆರು ತಿಂಗಳ ಶನಿವಾರಗಳಿಗೆ ನಾನು ಕೊಟ್ಟದ್ದು ಸುಮಾರು 10,000; ಅಲ್ಲಿ ಟೂಲ್ ಮಸೆಯಲು ಕಲಿಯದಿದ್ದರೆ ಮನೆಯ ಲೇತನ್ನು ಎರಡನೇ ತಿಂಗಳಿಗೇ ಮಾರಿಬಿಡುತ್ತಿದ್ದೆ. ಈಗ ಬಿಸಿಗಾಳಿಯ ಸ್ಟರ್ಲಿಂಗ್ ಎಂಜಿನ್ನಿಗೆ ಕೈ ಹಾಕಿದ್ದೇನೆ. ಫ್ಲೈವೀಲು, ಸಿಲಿಂಡರು ಶನಿವಾರಕ್ಕೆ. ರಾಡು, ಪಿನ್ನು, ಬುಷ್ಷುಗಳು ರಾತ್ರಿ ಊಟವಾದ ಮೇಲೆ ಹಿತ್ತಲಿಗೆ. ಮನೆಯ ಎಂಜಿನ್ನನ್ನು ಯಜಮಾನರಿಗೆ ತೋರಿಸಿದೆ. ಊದಿ ನೋಡಿದರು, ತಿರುಗಲಿಲ್ಲ. ತಿರುಗಿಸಿ ಮುರುಗಿಸಿ ನೋಡಿ, "ರಾಡ್ ಯಾರು ಮಾಡಿದ್ದು?" ಅಂದರು. ನಾನೇ ಅಂದೆ. "ಹಂಗಾದ್ರೆ ನನಗೂ ನಾಕು ಮಾಡ್ಕೊಡಿ, 3 ಎಂಎಂದು," ಅಂದರು.