ಬಲಿದಾನ ಬ್ಯಾಡ್ಜಿನ ಚೌಕಟ್ಟು: ಲೋಹಕ್ಕೆ ನಾಲ್ಕು ತಾರೆ, ಚೀಟಿಗೆ ಒಂದೂ ಇಲ್ಲ

ಭಾರತೀಯ ಸೇನೆಯ ಪ್ಯಾರಾ (ಪ್ಯಾರಾಚೂಟಿನಲ್ಲಿ ಧುಮುಕುವ) ವಿಶೇಷ ಪಡೆಗಳ ಲಾಂಛನಗಳ ಪ್ರತಿಕೃತಿ ಎಂದು ಆನ್‌ಲೈನ್‌ನಲ್ಲಿ 899 ರೂಪಾಯಿಗೆ ಮಾರುತ್ತಿರುವ ಗಾಜಿನ ಚೌಕಟ್ಟು ಇದು. ಮರೂನ್ ಬಟ್ಟೆಯ ಮೇಲೆ ಎರಡು ಬ್ಯಾಡ್ಜು, ಕೆಳಗೆ ಇತಿಹಾಸ ಹೇಳುವ ಚೀಟಿ.

ಬೆರೆಟ್‌ಗೆ ಧರಿಸುವ ಪ್ಯಾರಾಚೂಟ್ ರೆಜಿಮೆಂಟಿನ ಬ್ಯಾಡ್ಜು, ಅಂದರೆ ಬಿಚ್ಚಿಕೊಂಡ ಪ್ಯಾರಾಚೂಟ್, ಇಕ್ಕೆಲಗಳಲ್ಲಿ ರೆಕ್ಕೆ, ಮೇಲ್ಮುಖವಾದ ಕಠಾರಿ, ಒಪ್ಪವಾಗಿಯೇ ಮೂಡಿದೆ. ನನ್ನ ಕಣ್ಣಿದ್ದದ್ದು ಬಲಿದಾನ ಬ್ಯಾಡ್ಜಿನ ಮೇಲೆ. ಇದರಲ್ಲಿ ಕಠಾರಿ ಕೆಳಮುಖ. ಅಲಗಿನಿಂದ ರೆಕ್ಕೆಗಳು ಮೇಲಕ್ಕೆ ಚಾಚಿರುತ್ತವೆ. ಅಡ್ಡಪಟ್ಟಿಯ ಮೇಲೆ ದೇವನಾಗರಿಯಲ್ಲಿ ‘ಬಲಿದಾನ’ ಎಂದಿರುತ್ತದೆ. ಅಗ್ಗದ ಅಚ್ಚಿನಲ್ಲಿ ಮೊದಲು ಕೆಡುವುದು ಈ ಅಕ್ಷರಗಳೇ. ಗಾಜು ತೆಗೆದು ಉಗುರಾಡಿಸಿ ನೋಡಿದೆ: ತಲೆಕಟ್ಟಿನ ಗೆರೆ ಬೆರಳಿಗೆ ಸಿಗುತ್ತದೆ. ಬಲರೆಕ್ಕೆಯ ತುದಿಯ ಗರಿಗಳು ಮಾತ್ರ ಮೊಂಡಾಗಿವೆ. ಒಂದು ತಾರೆ ಕಡಿತ.

ಇನ್ನು ಆ ಚೀಟಿ! ಅದರ ಮೇಲಿರುವ ಚಿತ್ರದಲ್ಲಿ ಪ್ಯಾರಾಚೂಟಿನ ಮೇಲೆ ಕಿರೀಟ, ಕಿರೀಟದ ಮೇಲೆ ಸಿಂಹ. ಅದು ಬ್ರಿಟನ್ನಿನ ಪ್ಯಾರಾಚೂಟ್ ರೆಜಿಮೆಂಟಿನ ಲಾಂಛನ. ಗಣರಾಜ್ಯದ ಸೈನಿಕನ ತಲೆಗೆ ಬ್ರಿಟನ್ನಿನ ಅರಸೊತ್ತಿಗೆಯ ಕಿರೀಟ ತೊಡಿಸಿದವರಿಗೆ ಏನು ಹೇಳುವುದು? ನಮ್ಮ ಪ್ಯಾರಾಚೂಟ್ ರೆಜಿಮೆಂಟಿನ ಎಲ್ಲರೂ ಬಲಿದಾನ ಧರಿಸುತ್ತಾರೆ ಎಂದೂ ಬರೆದಿದ್ದಾರೆ. ತಪ್ಪು. ವಿಶೇಷ ಪಡೆಯ ಕಠಿಣ ಪರೀಕ್ಷೆ ದಾಟಿದವರಿಗಷ್ಟೇ ಆ ಹಕ್ಕು.

ಉಳಿದ ಜಾಗವೆಲ್ಲ ಧೋನಿಗೆ. 2019ರ ವಿಶ್ವಕಪ್‌ನಲ್ಲಿ ಅವರ ಗ್ಲೌಸಿನ ಮೇಲೆ ಈ ಗುರುತು ಕಂಡದ್ದು, ಐಸಿಸಿ ಆಕ್ಷೇಪಿಸಿದ್ದು ನಿಜವೇ. ಆದರೆ 1965ರ ಯುದ್ಧದಲ್ಲಿ ಶತ್ರುವಿನ ಬೆನ್ನಹಿಂದೆ ನುಗ್ಗಿದ ಮೇಜರ್ ಮೇಘ ಸಿಂಗ್ ಅವರ ‘ಮೇಘದೂತ್’ ಪಡೆಯ ಹೆಸರೇ ಇಲ್ಲ. ಆ ಪಡೆಯನ್ನೇ ಬುನಾದಿಯಾಗಿಸಿ 1966ರಲ್ಲಿ 9 ಪ್ಯಾರಾ ಕಮಾಂಡೊ ಕಟ್ಟಲಾಯಿತು. ಮರುವರ್ಷ ಅದರಿಂದ ಒಡೆದು 10 ಪ್ಯಾರಾ ಬಂತು. 1971ರಲ್ಲಿ 9 ಪ್ಯಾರಾದ ಒಂದು ತುಕಡಿ ಪಾಕ್ ಆಕ್ರಮಿತ ಕಾಶ್ಮೀರದ ಮಂಧೋಲ್‌ನಲ್ಲಿ ಪಾಕಿಸ್ತಾನದ ಫಿರಂಗಿಗಳನ್ನು ಸ್ಫೋಟಿಸಿತು. 10 ಪ್ಯಾರಾದ ತುಕಡಿ, ಜೈಪುರ ರಾಜಮನೆತನದ ಭವಾನಿ ಸಿಂಗ್ ಅವರ ನೇತೃತ್ವದಲ್ಲಿ, ಮರುಭೂಮಿ ದಾಟಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಛಾಛ್ರೋ ಮೇಲೆ ಎರಗಿತು. ಇಷ್ಟಕ್ಕೆ ನಾಲ್ಕು ಸಾಲು ಸಾಕಿತ್ತು.

ಬ್ಯಾಡ್ಜುಗಳನ್ನು ಅಂಟಿಸಿಬಿಟ್ಟಿರುವುದರಿಂದ ಕಿತ್ತು ಅಂಗಿಗೆ ಚುಚ್ಚಿಕೊಳ್ಳಲಾಗದು. ಒಳ್ಳೆಯದೇ ಆಯಿತು, ಅದು ನಮ್ಮಂಥವರು ತೊಟ್ಟು ಮೆರೆಯುವ ವಸ್ತುವಲ್ಲ. ಹಿಂದಿನ ಕೊಕ್ಕೆ ತೀರ ತೆಳು, ಬೇರೆ ಹಾಕಿಸಿಕೊಳ್ಳಿ. ಚೀಟಿ ತಿದ್ದಿ ಎಂದು ಮಾರಾಟಗಾರರಿಗೆ ವಿವರವಾಗಿ ಬರೆದೆ. ಉತ್ತರವಾಗಿ ಮುಂದಿನ ಖರೀದಿಗೆ ಶೇ 10ರ ರಿಯಾಯಿತಿ ಕೂಪನ್ ಬಂದಿದೆ.