ಶ್ಯಾಡೋಡಾರ್ಕ್ ಆಡಿ ನೋಡಿದೆ: ಗಂಟೆಗೊಂದು ಪಂಜು

ಒಂದು ಬಾಗಿಲು. ಬೀಗ ಇಲ್ಲ, ಬಲೆ ಇಲ್ಲ, ಆಚೆ ಕಡೆ ರಾಕ್ಷಸನೂ ಇಲ್ಲ. ಅದರ ಮುಂದೆ ನಮ್ಮ ಗುಂಪು 40 ನಿಮಿಷ ನಿಂತಿತ್ತು. ಕಿವಿಗೊಟ್ಟು ಕೇಳಿದರು, ಕೋಲಿನಿಂದ ಚುಚ್ಚಿದರು, ಕೆಳಗಿನ ಸಂದಿಯಲ್ಲಿ ಕನ್ನಡಿ ತೂರಿಸಿದರು, ಆಮೇಲೆ ಯಾರು ಮೊದಲು ತಳ್ಳಬೇಕು ಅಂತ ಜಗಳ. ಆಟ ನಡೆಸುವ ಜಿಎಂ ನಾನು. "ಏನೂ ಇಲ್ಲ, ಹೋಗ್ರಪ್ಪಾ" ಅಂತ ಹೇಳಿದರೆ ಮಜಾ ಹೋಗುತ್ತದೆ, ಹೇಳದಿದ್ದರೆ ಭಾನುವಾರವೇ ಹೋಗುತ್ತದೆ. ಚಕ್ಕುಲಿ ತಿನ್ನುತ್ತಾ ಕೂತಿದ್ದೆ.

ಡಂಜನ್ಸ್ ಅಂಡ್ ಡ್ರಾಗನ್ಸ್ (ಡಿ ಅಂಡ್ ಡಿ) ಆಡಿದವರಿಗೆ ಈ ಕಷ್ಟ ಗೊತ್ತು. ಆಡದವರಿಗೆ ಎರಡು ಮಾತು: ಮೇಜಿನ ಸುತ್ತ ನಾಲ್ಕೈದು ಜನ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸುತ್ತಾ ಒಟ್ಟಿಗೆ ಕಥೆ ಕಟ್ಟುವ ಆಟ. ನಿಯಮ ಕಲಿಯುವುದು ಅಂಥ ಕಷ್ಟವಲ್ಲ. ಸಿಕ್ಕಿದ ನಾಲ್ಕು ಗಂಟೆಯಲ್ಲಿ ಕಥೆ ಒಂದು ಹೆಜ್ಜೆಯಾದರೂ ಮುಂದೆ ಹೋಗುವ ಹಾಗೆ ನೋಡಿಕೊಳ್ಳುವುದೇ ಕಷ್ಟ. ಅದಕ್ಕೇ ಶ್ಯಾಡೋಡಾರ್ಕ್ ಅನ್ನೋ, ಇದೇ ಜಾತಿಯ, ನೆಲದಡಿಯ ಕತ್ತಲಲ್ಲಿ ನಡೆಯುವ ಆಟ ತೆಗೆದುಕೊಂಡೆ. ಐದು ಭಾನುವಾರ ಆಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಇದನ್ನು ಮಾಡಿದವರು ಕೆಲ್ಸಿ ಡಿಯಾನ್, ಅವರ ಕಂಪನಿ ದಿ ಆರ್ಕೇನ್ ಲೈಬ್ರರಿ. 2023ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಹತ್ತು ಲಕ್ಷ ಡಾಲರ್‌ಗೂ ಜಾಸ್ತಿ ದುಡ್ಡು ಬಂತು, ಇಂಥ ಆಟಗಳಿಗೇ ಕೊಡುವ ಎನ್ನೀ ಪ್ರಶಸ್ತಿಗಳಲ್ಲಿ 2024ರಲ್ಲಿ ವರ್ಷದ ಉತ್ಪನ್ನ ಅಂತಲೂ ಗೆದ್ದಿತು. ಅದೆಲ್ಲ ಸರಿ. ನನಗೆ ಬೇಕಾಗಿದ್ದು ಅದರ ಒಂದೇ ಒಂದು ನಿಯಮ. ಪಂಜು ಹಚ್ಚಿದರೆ ಒಂದು ಗಂಟೆ ಉರಿಯುತ್ತದೆ, ಆ ಒಂದು ಗಂಟೆ ಕಥೆಯೊಳಗಿನದಲ್ಲ, ನಿಮ್ಮ ಮನೆಯ ಗೋಡೆ ಗಡಿಯಾರದ್ದು.

ಪಂಜು ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಮೊದಲ ದಿನ ನಾನು ಟಾರ್ಚ್ ಅಂದಿದ್ದಕ್ಕೆ, ಹೊಸದಾಗಿ ಸೇರಿದ ಗೆಳತಿ ಅರ್ಧ ಗಂಟೆ ಆಟ ಆಡಿದ ಮೇಲೆ "ಎಕ್ಸ್‌ಟ್ರಾ ಸೆಲ್ ಇದೆಯಾ?" ಅಂತ ಕೇಳಿದ್ದಳು. ಅವತ್ತಿನಿಂದ ಪಂಜು.

ಹಳೆಯ ಡಿ ಅಂಡ್ ಡಿಯಲ್ಲೂ ಪಂಜಿಗೆ ಲೆಕ್ಕ ಇತ್ತು. ಹತ್ತು ನಿಮಿಷಕ್ಕೊಂದು ಸುತ್ತು, ಆರು ಸುತ್ತಿಗೆ ಪಂಜು ಖಲಾಸ್. ಆದರೆ ಅದನ್ನು ಜಿಎಂ ಕಾಗದದ ಮೇಲೆ ಗೀಟು ಹಾಕಿ ಇಡಬೇಕು, ನಾನಂತೂ ಎರಡನೇ ಗೀಟಿಗೇ ಮರೆಯುತ್ತೇನೆ. ಇಲ್ಲಿ ಆ ಕೆಲಸ ಮೊಬೈಲ್ ಟೈಮರ್ ಮಾಡುತ್ತದೆ. ಕತ್ತಲಾದರೆ ಸುಮ್ನೆ ಬೇಜಾರು ಅಂತ ಅಲ್ಲ, ಪ್ರಾಣಕ್ಕೇ ಸಂಚಕಾರ. ಆಟಗಾರರ ಯಾವ ಪಾತ್ರಕ್ಕೂ ಇಲ್ಲಿ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ, ಎಲ್ಫ್, ಡ್ವಾರ್ಫ್ ಅಂತ ಮನುಷ್ಯರಲ್ಲದ ಕುಲದವರಾದರೂ ಅಷ್ಟೇ. ನೆಲಮಾಳಿಗೆಯ ಪ್ರಾಣಿಗಳಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ.

ಮೊದಲ ಆಟದಲ್ಲಿ ಏನಾಯಿತು ಹೇಳುತ್ತೇನೆ. ಆಡಿ ನೋಡಲಿ ಅಂತ ಉಚಿತವಾಗಿ ಕೊಡುವ ಚಿಕ್ಕ ನಿಯಮಪುಸ್ತಕ, ಕ್ವಿಕ್‌ಸ್ಟಾರ್ಟ್, ಅದರಲ್ಲೇ ಒಂದು ಸಾಹಸ ಇದೆ, ಕೆಂಪು ಮಿನೋಟಾರ್‌ನ ಕೋಟೆ, ಅದನ್ನೇ ಆಡಿಸಿದೆ. ಒಳಗೆ ಏನಿದೆ ಅಂತ ಹೇಳಿ ಹಾಳು ಮಾಡುವುದಿಲ್ಲ. ಟೈಮರ್ ಮೇಜಿನ ಮಧ್ಯ ಇಟ್ಟೆ. ಮೊದಲ 20 ನಿಮಿಷ ಯಾರೂ ಅದನ್ನು ನೋಡಲಿಲ್ಲ, ಎಂದಿನಂತೆ ಆಫೀಸಿನ ಕಥೆ, ಬೋಂಡಾಕ್ಕೆ ಚಟ್ನಿ ಸಾಲದು ಅನ್ನೋ ಗಲಾಟೆ. ಆಮೇಲೆ ಒಬ್ಬ ನೋಡಿದ. 35 ನಿಮಿಷ ಉಳಿದಿದೆ, ಇರೋದು ಇನ್ನೆರಡೇ ಪಂಜು, ವಾಪಸ್ ಹೋಗೋಕೂ ಬೆಳಕು ಬೇಕು ಅಲ್ವಾ ಅಂದ. ಅಷ್ಟೇ. ಮುಂದಿನ ಬಾಗಿಲಿಗೆ ಬಂದಾಗ ಎರಡೇ ನಿಮಿಷ. ಒಬ್ಬಳು ಕೇಳಿಸಿಕೊಂಡಳು, ಒಬ್ಬ ತಳ್ಳಿದ, ಒಳಗೆ ಹೋದರು. ನಾನು ಒಂದು ಮಾತೂ ಆಡಿರಲಿಲ್ಲ.

ನನಗೆ ಇದರಲ್ಲಿ ಇಷ್ಟವಾಗಿದ್ದು ಅದೇ. ಇಷ್ಟು ದಿನ ಅವಸರ ಮಾಡುವವನು ನಾನಾಗಿದ್ದೆ, "ಬೇಗ ಬೇಗ, ಏನ್ ಮಾಡ್ತೀರಾ ಹೇಳಿ" ಅಂತ ಅಂದರೆ ಮೇಷ್ಟ್ರು ಗದರಿದ ಹಾಗೆ ಆಗುತ್ತಿತ್ತು, ಮುಖ ಊದಿಸಿಕೊಳ್ಳುವವರೂ ಇದ್ದರು. ಈಗ ಬೈಯಬೇಕಾದರೆ ಪಂಜಿಗೆ ಬೈಯಲಿ. ನಮ್ಮೂರ ಕಡೆ ಬೆಳಗಿನ ತನಕ ಆಡುತ್ತಿದ್ದ ಯಕ್ಷಗಾನ ಈಗ ಕಾಲಮಿತಿ ಆಗಿದೆ, ಸಂಜೆ ಶುರುವಾಗಿ ಮಧ್ಯರಾತ್ರಿಯ ಹೊತ್ತಿಗೆ ಮಂಗಳ. ಅರ್ಥಗಾರಿಕೆಗೆ ಜಾಗವೇ ಇಲ್ಲ ಅಂತ ಹಳಬರು ಗೊಣಗುತ್ತಾರೆ, ಅದು ನಿಜವೂ ಹೌದು. ಆದರೆ ಸೋಮವಾರ ಕೆಲಸಕ್ಕೆ ಹೋಗುವವನು ಕೊನೆಯ ಯುದ್ಧ ನೋಡಿಕೊಂಡು ಮನೆಗೆ ಹೋಗುತ್ತಾನಲ್ಲ. ನಮ್ಮ ಭಾನುವಾರಕ್ಕೆ ಬೇಕಾಗಿದ್ದೂ ಅಷ್ಟೇ.

ಎಲ್ಲರೂ ಪಂಜಿನ ಬಗ್ಗೆ ಮಾತಾಡುತ್ತಾರೆ, ನನ್ನ ಪ್ರಕಾರ ಅದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಸರದಿ. ಡಿ ಅಂಡ್ ಡಿಯಲ್ಲಿ ಪಾತ್ರಗಳ ಹೊಡೆದಾಟ ಶುರುವಾದಾಗ ಮಾತ್ರ ಸರದಿ ಗೊತ್ತು ಮಾಡುತ್ತೇವೆ. ಇಲ್ಲಿ ಆಟ ಶುರುವಾದ ತಕ್ಷಣ ಎಲ್ಲರೂ 20 ಮುಖದ ಡೈಸ್ ಉರುಳಿಸುತ್ತಾರೆ, ಜಾಸ್ತಿ ಬಿದ್ದವರು ಮೊದಲು, ಆಮೇಲೆ ಕೂತಿರುವ ಹಾಗೆಯೇ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತಾ ಹೋಗುವುದು, ಹೊಡೆದಾಟ ಇರಲಿ ಇಲ್ಲದಿರಲಿ. ನಮ್ಮ ಗುಂಪಿನಲ್ಲಿ ಒಬ್ಬ ಇದ್ದಾನೆ, ಮೂರು ಗಂಟೆಯಲ್ಲಿ ನಾಲ್ಕು ಮಾತು. ಬೇರೆಯವರು ಜೋರಾಗಿ ಕೂಗುವಾಗ ಅವನು ಡೈಸ್ ಗೋಪುರ ಕಟ್ಟುತ್ತಿರುತ್ತಾನೆ. ಸರದಿ ಬಂದಾಗ ಎಲ್ಲರೂ ಅವನ ಕಡೆ ತಿರುಗಲೇಬೇಕು. ಎರಡನೇ ಭಾನುವಾರ ಅವನು "ನಾನು ಬಾವಿಗೆ ಇಳಿಯುತ್ತೇನೆ" ಅಂದ. ಯಾರೂ ಹೇಳಿಕೊಟ್ಟಿರಲಿಲ್ಲ. ಆ ಸಲದ ಅರ್ಧ ಕಥೆ ಆ ಬಾವಿಯಲ್ಲೇ ಇತ್ತು.

ಸಾಯುವುದಕ್ಕೂ ಇಲ್ಲಿ ಲೆಕ್ಕ ಇದೆ. ಏಟು ತಿಂದು ಬಿದ್ದವನು ಒಂದು 4 ಮುಖದ ಡೈಸ್ ಉರುಳಿಸಿ, ಸರದಿ ಎಷ್ಟು ಸುತ್ತು ಬರುವ ತನಕ ಬದುಕಿರುತ್ತಾನೆ ನೋಡಬೇಕು. ಎರಡು ಬಿತ್ತು ಅಂದರೆ ಚರ್ಚೆಗೆ ಟೈಮ್ ಎಲ್ಲಿದೆ?

ಈಗ ಬೇಜಾರಾದ ವಿಷಯಗಳು. ನಿಜವಾದ ಗಡಿಯಾರಕ್ಕೆ ನಿಜವಾದ ಮನೆಯ ಪರಿವೆ ಇಲ್ಲ. ಕೊರಿಯರ್ ಬಂತು, ಅಮ್ಮನ ಫೋನ್ ಬಂತು, ಯಾರೋ ಬಾತ್‌ರೂಮಿಗೆ ಹೋದರು, ಪಂಜು ಉರಿಯುತ್ತಲೇ ಇದೆ. ಮೂರನೇ ಭಾನುವಾರ ಕರೆಂಟ್ ಹೋಗಿ ನಿಜವಾಗಿಯೂ ಕತ್ತಲಾಯಿತು, ಮೇಣದಬತ್ತಿ ಹುಡುಕುವಷ್ಟರಲ್ಲಿ ಆಟದಲ್ಲೂ ಕತ್ತಲು, ನಕ್ಕು ನಕ್ಕು ಸಾಕಾಯಿತು. ಆಮೇಲೆ ನಮ್ಮದೇ ನಿಯಮ ಮಾಡಿಕೊಂಡೆವು: ಎದ್ದು ಹೋಗಬೇಕಾದರೆ ಟೈಮರ್ ನಿಲ್ಲಿಸು, ನಿಯಮದ ಬಗ್ಗೆ ವಾದ ಮಾಡಬೇಕಾದರೆ ನಿಲ್ಲಿಸಬೇಡ. ಎರಡನೆಯದು ಬಂದ ಮೇಲೆ ವಾದಗಳೇ ನಿಂತುಹೋದವು.

ಇನ್ನೊಂದು, ಪಂಜಿನ ಆಟ ನೆಲದ ಕೆಳಗೆ ಮಾತ್ರ ನಡೆಯುತ್ತದೆ. ಊರಿಗೆ ಬಂದರು, ರಾಜನ ಜೊತೆ ಮಾತುಕತೆ, ಸಂತೆ, ಪಿತೂರಿ, ಅಲ್ಲಿ ಬೆಳಕು ಬೇಕಾದಷ್ಟು ಇದೆ, ನಾವು ಮತ್ತೆ ಹಳೇ ನಮ್ಮ ತರಹವೇ. ನಾಲ್ಕನೇ ಭಾನುವಾರ ಒಬ್ಬ ವ್ಯಾಪಾರಿ ಹತ್ತಿರ ಹಗ್ಗಕ್ಕೆ ಚೌಕಾಸಿ ಮಾಡುತ್ತಾ ಮುಕ್ಕಾಲು ಗಂಟೆ ಕಳೆದರು. ಪಾತ್ರದ ಬಾಲ್ಯ, ಪ್ರೇಮ, ಸೇಡು ಅಂತ ನಿಧಾನಕ್ಕೆ ಕಥೆ ಹೇಳುವ ಗುಂಪಿಗೆ ಇದು ಹಿಡಿಸುವುದಿಲ್ಲ. ಪಾತ್ರಗಳು ಬೇಗ ಸಾಯುತ್ತವೆ ಕೂಡ.

ಕೊಳ್ಳುವ ಮೊದಲು ಉಚಿತ ಕ್ವಿಕ್‌ಸ್ಟಾರ್ಟ್ ಪಿಡಿಎಫ್ ಇಳಿಸಿಕೊಳ್ಳಿ, ಆಟಗಾರರಿಗೊಂದು, ಜಿಎಂಗೊಂದು. ನಾವು ಮೊದಲ ಎರಡು ಭಾನುವಾರ ಅದರಲ್ಲೇ ಆಡಿದ್ದು. ಪೂರ್ತಿ ಪುಸ್ತಕ ಕೈಗೆ ಹಿಡಿಸುವ ಅಳತೆ, ಒಂದು ವಿಷಯ ಹೆಚ್ಚೂಕಮ್ಮಿ ಒಂದೇ ಪುಟದಲ್ಲಿ ಮುಗಿಯುವ ಹಾಗೆ ಜೋಡಿಸಿದ್ದಾರೆ, ಆಟದ ಮಧ್ಯೆ ಹುಡುಕಾಡಬೇಕಾಗಿಲ್ಲ. ವಿದೇಶದಿಂದ ತರಿಸಿದರೆ ಸಾಗಾಟದ ಖರ್ಚು ಕಣ್ಣಿಗೆ ಬಡಿಯುತ್ತದೆ, ನಾನು ಪಿಡಿಎಫ್‌ನಲ್ಲೇ ನಿಂತೆ.

ಟೈಮರ್‌ಗೆ ಮೊಬೈಲ್ ಸಾಕು. ನಾನು ಚಂದ ಕಾಣಲಿ ಅಂತ ಆನ್‌ಲೈನ್ ಅಂಗಡಿಯೊಂದರಿಂದ 60 ನಿಮಿಷದ ಮರಳು ಗಡಿಯಾರ ತರಿಸಿದ್ದೆ. ಅಳೆದು ನೋಡಿದರೆ 52 ನಿಮಿಷ. ಆಟಗಾರರಿಗೆ ಇನ್ನೂ ಹೇಳಿಲ್ಲ.