‘ಫೆಡರಲ್ ದುಡ್ಡು, ಎಲ್ಲಿ ಹೋದರೂ ಬರುತ್ತೆ’ ಅಂತ ನಂಬಿ ಕೆಟ್ಟೆವು

ಕ್ಯಾಲಿಫೋರ್ನಿಯಾ ಬಿಟ್ಟು ಟೆಕ್ಸಾಸ್‌ಗೆ ಮನೆ ಸಾಗಿಸುತ್ತಿರುವ ಕನ್ನಡದವರು ನನಗೆ ಗೊತ್ತಿರುವವರೇ ಹತ್ತಾರು ಮಂದಿ. ನಿಮ್ಮ ಮನೆಯಲ್ಲಿ ಅಂಗವೈಕಲ್ಯ ಇರುವ ಮಗನೋ ಮಗಳೋ ಇದ್ದು, ಅವರಿಗೆ ಎಸ್‌ಎಸ್‌ಐ ಅನ್ನುವ ಸರ್ಕಾರಿ ಮಾಸಾಶನ ಬರುತ್ತಿದ್ದರೆ ಟ್ರಕ್ ಬುಕ್ ಮಾಡುವ ಮೊದಲು ಇದನ್ನು ಓದಿ.

ನಮ್ಮ ಮಗನಿಗೆ 24 ವರ್ಷ. ಆಟಿಸಂ, ಜೊತೆಗೆ ಫಿಟ್ಸ್. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದಾಗ ಅವನಿಗೆ ತಿಂಗಳಿಗೆ 1,206.94 ಡಾಲರ್ ಬರುತ್ತಿತ್ತು. 2024ರ ಕೊನೆಗೆ ನನ್ನ ಕೆಲಸ ಹೋಗಿ, ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಇನ್ನೊಂದು ಸಿಕ್ಕಿತು. ಸಂಕ್ರಾಂತಿ ಊಟಕ್ಕೆ ಸೇರಿದ್ದಾಗ ಪರಿಚಯದ ಹಿರಿಯರೊಬ್ಬರನ್ನು ಕೇಳಿದೆ. "ಏನೂ ಆಗಲ್ಲ ಕಣ್ರೀ, ಅದು ಫೆಡರಲ್ ದುಡ್ಡು, ಕೇಂದ್ರ ಸರ್ಕಾರದ್ದು. ನಾನು ಓಹಾಯೋದಿಂದ ಇಲ್ಲಿಗೆ ಬಂದಾಗ ಒಂದು ಸೆಂಟೂ ಕಡಿಮೆ ಆಗ್ಲಿಲ್ಲ" ಅಂದರು.

ಅವರು ಸುಳ್ಳು ಹೇಳಲಿಲ್ಲ. ಆದರೆ ಅವರಿಗೆ ಬರುತ್ತಿದ್ದುದು ಎಸ್‌ಎಸ್‌ಡಿಐ, ಅಂದರೆ ಅಂಗವೈಕಲ್ಯ ವಿಮೆ. ವರ್ಷಗಟ್ಟಲೆ ದುಡಿದು ತೆರಿಗೆ ಕಟ್ಟಿದವರಿಗೆ ಆ ದುಡಿಮೆಯ ಲೆಕ್ಕದ ಮೇಲೆ ಸಿಗುವಂಥದ್ದು. ಯಾವ ರಾಜ್ಯಕ್ಕೆ ಹೋದರೂ ಮೊತ್ತ ಅಷ್ಟೇ, ಮೆಡಿಕೇರ್ ಅನ್ನುವ ಕೇಂದ್ರದ ಆರೋಗ್ಯ ವಿಮೆ ಕೂಡ ಜೊತೆಗೇ ಬರುತ್ತದೆ. ನಮ್ಮ ಹುಡುಗನದು ಎಸ್‌ಎಸ್‌ಐ. ಆದಾಯ, ಆಸ್ತಿ ಎರಡೂ ತೀರಾ ಕಡಿಮೆ ಇರುವವರಿಗೆ ಕೊಡುವಂಥದ್ದು. ಹೆಸರಿನಲ್ಲಿ ಒಂದೆರಡು ಅಕ್ಷರ ವ್ಯತ್ಯಾಸ. ನಾನು ಅದನ್ನು ಗಮನಿಸಲೇ ಇಲ್ಲ.

ಆ 1,206.94ರಲ್ಲಿ 2025ರ ಫೆಡರಲ್ ಪಾಲು 967 ಡಾಲರ್ ಮಾತ್ರ. ಉಳಿದ 239.94 ಕ್ಯಾಲಿಫೋರ್ನಿಯಾ ಸೇರಿಸಿ ಕೊಡುತ್ತಿದ್ದ ದುಡ್ಡು. ಎರಡೂ ಸೇರಿ ಒಂದೇ ಕಂತಾಗಿ ಬ್ಯಾಂಕಿಗೆ ಬೀಳುತ್ತಿದ್ದುದರಿಂದ ಅದರಲ್ಲಿ ಎರಡು ಸರ್ಕಾರ ಇವೆ ಅನ್ನುವುದೇ ನಮಗೆ ತಿಳಿದಿರಲಿಲ್ಲ. ಆರೈಕೆ ಕೇಂದ್ರದಲ್ಲಿರದೆ ಮನೆಯಲ್ಲೇ ಇರುವವರಿಗೆ ಟೆಕ್ಸಾಸ್ ಹಾಗೆ ಏನೂ ಸೇರಿಸುವುದಿಲ್ಲ.

ಮಾರ್ಚ್ ಮಧ್ಯದಲ್ಲಿ ಹೊರಟೆವು. ಅಂಚೆ ಕಚೇರಿಯಲ್ಲಿ ವಿಳಾಸ ಬದಲಾವಣೆಗೆ ಅರ್ಜಿ ಹಾಕಿದ್ದೆ. ಈ ದುಡ್ಡು ಕೊಡುವ ಸೋಶಿಯಲ್ ಸೆಕ್ಯುರಿಟಿ ಇಲಾಖೆಯ ಕಾಗದ ಹಳದಿ ಚೀಟಿ ಅಂಟಿಸಿಕೊಂಡು ಹೊಸ ಮನೆಗೆ ಬಂತು. ಅದನ್ನು ನೋಡಿ, 'ಓ, ಇವರಿಗೆ ನಮ್ಮ ಹೊಸ ವಿಳಾಸ ಗೊತ್ತಾಯ್ತು' ಅಂದುಕೊಂಡೆ! ಮೂವತ್ತು ವರ್ಷ ಸಾಫ್ಟ್‌ವೇರ್‌ನಲ್ಲಿ ಗೇಯ್ದವನು ನಾನು. ಆ ಹಳದಿ ಚೀಟಿ ಅಂಟಿಸಿದ್ದು ಅಂಚೆಯವರು. ಕಾಗದದ ಮೇಲೆ ಛಾಪಿಸಿದ್ದ ವಿಳಾಸ ಫ್ರೀಮಾಂಟ್‌ನದೇ. ಮನೆ ಬದಲಿಸಿದ ತಿಂಗಳು ಮುಗಿದು 10 ದಿನದೊಳಗೆ ನಾವೇ ಸೋಶಿಯಲ್ ಸೆಕ್ಯುರಿಟಿಯವರಿಗೆ ತಿಳಿಸಬೇಕು. ತಿಳಿಸದಿದ್ದರೆ 25ರಿಂದ 100 ಡಾಲರ್‌ವರೆಗೆ ದಂಡವೂ ಹಾಕಬಹುದು.

ನಮ್ಮ ಕಣ್ಣು ತೆರೆಸಿದ್ದು ಔಷಧಿ ಅಂಗಡಿ. ಹೊರಡುವ ಮುಂಚೆ ಫಿಟ್ಸ್ ಮಾತ್ರೆ ಕೆಲವು ತಿಂಗಳಿಗಾಗುವಷ್ಟು ತಂದಿದ್ದೆವು. ಜುಲೈನಲ್ಲಿ ಮುಗಿಯುತ್ತಾ ಬಂತು. ಅಂಗಡಿಯ ಹುಡುಗಿ ಮೆಡಿ-ಕ್ಯಾಲ್ (ಕ್ಯಾಲಿಫೋರ್ನಿಯಾದ ಮೆಡಿಕೇಡ್) ಕಾರ್ಡನ್ನು ತಿರುಗಿಸಿ ನೋಡಿ, "ಇದು ಕ್ಯಾಲಿಫೋರ್ನಿಯಾದ್ದು ಸರ್, ಇಲ್ಲಿ ನಡೆಯಲ್ಲ" ಅಂದಳು. ಕಡಿಮೆ ಆದಾಯದವರ ಆರೋಗ್ಯ ವಿಮೆಯಾದ ಮೆಡಿಕೇಡ್‌ಗೆ ಕೇಂದ್ರದ ದುಡ್ಡು ಬಂದರೂ ಅದನ್ನು ನಡೆಸುವುದು ಆಯಾ ರಾಜ್ಯ. ಗಡಿ ದಾಟಿದರೆ ಹೊಸದಾಗಿಯೇ ಆಗಬೇಕು. ಟೆಕ್ಸಾಸ್‌ನಲ್ಲಿ ಎಸ್‌ಎಸ್‌ಐ ಇರುವವರಿಗೆ ಮೆಡಿಕೇಡ್ ತಾನಾಗಿಯೇ ಸಿಗುತ್ತದೆ, ನಿಜ. ಆದರೆ ದಾಖಲೆಯಲ್ಲಿ ಹುಡುಗ ಇನ್ನೂ ಕ್ಯಾಲಿಫೋರ್ನಿಯಾದಲ್ಲೇ ಇದ್ದನಲ್ಲ! ಟೆಕ್ಸಾಸ್ ಪಾಲಿಗೆ ಅವನು ಇರಲೇ ಇಲ್ಲ. ಮಾತ್ರೆ ತಪ್ಪಿಸುವ ಹಾಗಿಲ್ಲ. ಮರುಮಾತಾಡದೆ ಕೈಯಿಂದ ದುಡ್ಡು ಕೊಟ್ಟು ತಂದೆವು. ನಮ್ಮಾಕೆ ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ.

ಅವತ್ತೇ ಸೋಶಿಯಲ್ ಸೆಕ್ಯುರಿಟಿಗೆ ಫೋನ್ ಮಾಡಿ ವಿಳಾಸ ತಿಳಿಸಿದೆ. ಆಗಸ್ಟ್ ಒಂದರ ಕಂತು ಅಷ್ಟರಲ್ಲಿ ಹೊರಟುಬಿಟ್ಟಿತ್ತು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಐದು ತಿಂಗಳು, ತಿಂಗಳಿಗೆ 239.94ರಂತೆ 1,199.70 ಡಾಲರ್ ಹೆಚ್ಚಿಗೆ ಬಂದಿದೆ, ವಾಪಸ್ ಕೊಡಿ ಅಂತ ಕಾಗದ ಬಂತು. ಖರ್ಚಾಗಿ ಹೋದ ದುಡ್ಡು. ಈಗ ಪ್ರತಿ ತಿಂಗಳು ಹತ್ತನೇ ಒಂದು ಭಾಗ ಹಿಡಿದುಕೊಳ್ಳುತ್ತಿದ್ದಾರೆ. ಇಂಥ ಕಾಗದ ಬಂದರೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ತಪ್ಪು ನಿಮ್ಮದಲ್ಲದಿದ್ದು, ತೀರಿಸುವ ಶಕ್ತಿಯೂ ಇಲ್ಲದಿದ್ದರೆ ಮನ್ನಾ ಕೇಳಲು ಬೇರೆ ಫಾರಂ ಇದೆ. ತಪ್ಪು ನಮ್ಮದೇ ಆಗಿದ್ದರಿಂದ ನಾನು ಕೇಳಲಿಲ್ಲ.

ಇನ್ನೊಂದು ಪೆಟ್ಟು ನನ್ನ ಬಾಯಿಂದಲೇ ಬಿತ್ತು. ಹೊಸ ವಿಳಾಸದ ವಿಚಾರಣೆಯಲ್ಲಿ "ಮಗ ಮನೆ ಖರ್ಚಿಗೆ ಏನಾದರೂ ಕೊಡುತ್ತಾನಾ?" ಅಂತ ಕೇಳಿದರು. ಹೆತ್ತ ಮಗನ ಹತ್ತಿರ ಬಾಡಿಗೆ ಇಸ್ಕೊಳ್ಳೋದಾ? "ಇಲ್ಲಪ್ಪ, ಊಟ, ಮನೆ ಎಲ್ಲಾ ನಮ್ಮದೇ" ಅಂತ ಹೆಮ್ಮೆಯಿಂದ ಹೇಳಿದೆ. ಎರಡೂ ಪುಕ್ಕಟೆ ಅಂದಿದ್ದಕ್ಕೆ ಮೂರನೇ ಒಂದು ಭಾಗ ಕಡಿತವಾಯಿತು. 967 ಇದ್ದದ್ದು 644.67ಕ್ಕೆ ಇಳಿಯಿತು. ಫ್ರೀಮಾಂಟ್‌ನಲ್ಲಿ ಅವನ ಪಾಲಿನ ಬಾಡಿಗೆ, ದಿನಸಿ ಖರ್ಚನ್ನು ಅವನ ಖಾತೆಯಿಂದಲೇ ತೆಗೆಯುವಂತೆ ಬರೆದಿಟ್ಟುಕೊಂಡಿದ್ದೆವು. ಇಲ್ಲಿ ಅದನ್ನು ಹೊಸದಾಗಿ ಮಾಡಿರಲಿಲ್ಲ. ಆಮೇಲೆ ಲೆಕ್ಕ ಬರೆದು, ಅವನ ಪಾಲನ್ನು ತೆಗೆಯಲು ಶುರು ಮಾಡಿ ತೋರಿಸಿದ ಮೇಲೆ ಸರಿಹೋಯಿತು.

(ಊರಿಗೆ ಹೋಗುವವರಿಗೆ ಮಧ್ಯದಲ್ಲೊಂದು ಮಾತು. ಎಸ್‌ಎಸ್‌ಐ ಇರುವವರು ಸತತ 30 ದಿನ ಅಮೆರಿಕದಿಂದ ಹೊರಗಿದ್ದರೆ ದುಡ್ಡು ನಿಲ್ಲುತ್ತದೆ. ವಾಪಸ್ ಬಂದು ಮತ್ತೆ ಸತತ 30 ದಿನ ಇಲ್ಲಿ ಇರಬೇಕು. ಬೇಸಿಗೆ ರಜಕ್ಕೆ ಎರಡು ತಿಂಗಳು ಅಜ್ಜಿ ಮನೆ ಅನ್ನುವ ಲೆಕ್ಕ ಇದ್ದರೆ ಮರೆತುಬಿಡಿ.)

ದುಡ್ಡಿನ ಕಥೆ ಹೇಗೋ ಮುಗಿಯುತ್ತದೆ. ನಿಜವಾಗಿ ಕಳೆದುಕೊಂಡಿದ್ದು ಸೇವೆಗಳನ್ನು. ಕ್ಯಾಲಿಫೋರ್ನಿಯಾದಲ್ಲಿ 1969ರ ಲ್ಯಾಂಟರ್‌ಮನ್ ಕಾಯ್ದೆಯಿಂದಾಗಿ ಇಂಥ ಮಕ್ಕಳಿಗೆ ರೀಜನಲ್ ಸೆಂಟರ್ ಅನ್ನುವ ಸಂಸ್ಥೆಗಳ ಸೇವೆ ಹಕ್ಕಾಗಿ ಸಿಗುತ್ತದೆ. ಮನೆಯಲ್ಲೇ ನೋಡಿಕೊಳ್ಳುವುದಕ್ಕೆ ನಮ್ಮಾಕೆಗೆ ಐಎಚ್‌ಎಸ್‌ಎಸ್ ಅನ್ನುವ ಅಲ್ಲಿನ ಯೋಜನೆಯಿಂದ ಗಂಟೆ ಲೆಕ್ಕದ ಸಂಬಳವೂ ಬರುತ್ತಿತ್ತು. ಎರಡೂ ಗಡಿಯಲ್ಲೇ ನಿಂತವು. ಟೆಕ್ಸಾಸ್‌ನಲ್ಲಿ ಅಂಥ ಸೇವೆಗೆ 'ಇಂಟರೆಸ್ಟ್ ಲಿಸ್ಟ್' ಅಂತ ಸರದಿ ಇದೆ. ಹತ್ತು ವರ್ಷ ದಾಟಿ ಕಾಯುತ್ತಿರುವವರೂ ಅದರಲ್ಲಿದ್ದಾರೆ. ಹೆಸರು ಬರೆಸಿದ ದಿನದಿಂದ ಸರದಿ ಶುರು. ಇದು ಮೊದಲೇ ಗೊತ್ತಿದ್ದರೆ ಆ ಕೆಲಸಕ್ಕೆ ಒಪ್ಪುತ್ತಿದ್ದೆನೋ ಇಲ್ಲವೋ ಅಂತ ಈಗಲೂ ರಾತ್ರಿ ಯೋಚನೆ ಬರುತ್ತದೆ.

ಬರಲೇಬೇಕಾದವರು ಡಬ್ಬ ಬಿಚ್ಚುವ ಮೊದಲೇ ಆ ಸರದಿಗೆ ಹೆಸರು ಬರೆಸಿ. ನಮ್ಮ ಹುಡುಗನ ಹೆಸರಿನ ಮುಂದೆ ಆಗಸ್ಟ್ ತಿಂಗಳ ತಾರೀಖಿದೆ. ಮಾರ್ಚ್ ಇರಬಹುದಿತ್ತು.